ಏಳು ಪಂದ್ಯ, 26 ಗೋಲು. ಆಮೇಲೆ ಆಡೋದೆಲ್ಲಿ?

ಭಾನುವಾರ ಬೆಳಗ್ಗೆ ನಾನು ವಾಕಿಂಗ್ ಹೋಗುವ ಮೈದಾನದಲ್ಲಿ ಹತ್ತು ಹದಿನೈದು ಹುಡುಗಿಯರು ಫುಟ್‌ಬಾಲ್ ಆಡುತ್ತಾರೆ. ಅವರಲ್ಲಿ ಒಬ್ಬಳು ಯಾವಾಗಲೂ ಗೋಲಿನ ಹತ್ತಿರವೇ ಸುಳಿದಾಡುತ್ತಿರುತ್ತಾಳೆ. ಹನ್ನೆರಡೋ ಹದಿಮೂರೋ ವಯಸ್ಸು. ಕಾಲಲ್ಲಿ ಅಣ್ಣನ ಬೂಟು. ದೊಡ್ಡದಾಗುತ್ತದೆ ಅಂತ ಎರಡು ಜೊತೆ ಸಾಕ್ಸ್ ಹಾಕಿ, ಲೇಸನ್ನು ಬೂಟಿನ ಅಡಿಯಿಂದ ಒಂದು ಸುತ್ತು ತಂದು ಬಿಗಿದು ಕಟ್ಟಿರುತ್ತಾಳೆ. ಚೆಂಡು ತನ್ನ ಹತ್ತಿರ ಬರುವ ಮೊದಲೇ ಒಂದು ಸಲ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಅಂತ ನೋಡಿಕೊಳ್ಳುತ್ತಾಳೆ. ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ಹುಟ್ಟು ಫಾರ್ವರ್ಡ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವವಳು.

ಒಂದು ದಿನ ಅವಳ ಅಮ್ಮ ಪಕ್ಕದ ಕಟ್ಟೆಯ ಮೇಲೆ ಕೂತಿದ್ದರು. ಮಾತಿಗೆ ಮಾತು ಬಂತು. "ಚೆನ್ನಾಗಿ ಆಡ್ತಾಳೆ ಅಂತ ಎಲ್ರೂ ಹೇಳ್ತಾರೆ ಸರ್. ಆದ್ರೆ ಇದ್ರಲ್ಲಿ ಮುಂದೆ ಏನಿದೆ?" ಅಂತ ಕೇಳಿದರು.

ನನಗೆ ತಕ್ಷಣ ಹೊಳೆದದ್ದು ಬಾಲಾ ದೇವಿ. ಅವರ ಕಥೆ ಹೇಳಿದರೆ ಈ ತಾಯಿಗೆ ಧೈರ್ಯ ಬರುತ್ತದೋ, ಇದ್ದ ಧೈರ್ಯವೂ ಹೋಗುತ್ತದೋ ಗೊತ್ತಾಗಲಿಲ್ಲ. ಯಾಕೆಂದರೆ ಆ ಕಥೆಯಲ್ಲಿ ಎರಡೂ ಇದೆ.

ಙಾಂಗೊಮ್ ಬಾಲಾ ದೇವಿ ಮಣಿಪುರದ ಬಿಷ್ಣುಪುರ ಜಿಲ್ಲೆಯವರು. 2019ರ ಮೇ ತಿಂಗಳಲ್ಲಿ ಲೂಧಿಯಾನದಲ್ಲಿ ನಡೆದ ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಅವರು ಮಣಿಪುರ ಪೊಲೀಸ್ ತಂಡಕ್ಕೆ ಆಡಿದರು. ಏಳು ಪಂದ್ಯ, 26 ಗೋಲು. ಸರಾಸರಿ ತೆಗೆದರೆ ಪಂದ್ಯಕ್ಕೆ ಮೂರೂವರೆಗಿಂತ ಜಾಸ್ತಿ. ದೇಶದ ದೊಡ್ಡ ಲೀಗ್‌ನಲ್ಲಿ ಒಬ್ಬರೇ ಇಷ್ಟು ಗೋಲು ಹೊಡೆದರೆ ಮರುದಿನ ಕ್ಲಬ್‌ಗಳು ಮನೆ ಬಾಗಿಲಿಗೆ ಬರಬೇಕು, ಅಲ್ವಾ? ಆದರೆ ಆ ಸೀಸನ್ ಶುರುವಾಗಿದ್ದು ಮೇ 5ಕ್ಕೆ, ಮುಗಿದದ್ದು ಮೇ 22ಕ್ಕೆ. ಹದಿನೆಂಟು ದಿನ. ಅಲ್ಲಿಗೆ ಆ ವರ್ಷದ ಲೀಗ್ ಮುಗಿಯಿತು.

ಆಮೇಲೆ ನವೆಂಬರ್‌ನಲ್ಲಿ ಸ್ಕಾಟ್ಲೆಂಡ್‌ನ ರೇಂಜರ್ಸ್ ಕ್ಲಬ್ ಅವರನ್ನು ಟ್ರಯಲ್ಸ್‌ಗೆ ಕರೆಯಿತು. ರೇಂಜರ್ಸ್‌ಗೆ ಆಗ ಭಾರತದ ಮೇಲೆ ಕಣ್ಣಿತ್ತು. ಅದೇ ವರ್ಷ ನಮ್ಮ ಬೆಂಗಳೂರು ಎಫ್‌ಸಿ ಜೊತೆಗೂ ಒಪ್ಪಂದ ಮಾಡಿಕೊಂಡಿತ್ತು. 2020ರ ಜನವರಿ 29ರಂದು ಬಾಲಾ 18 ತಿಂಗಳ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕಿದರು. ಯುರೋಪಿನಲ್ಲಿ ವೃತ್ತಿಪರ ಒಪ್ಪಂದ ಪಡೆದ ಮೊದಲ ಭಾರತೀಯ ಫುಟ್‌ಬಾಲ್ ಆಟಗಾರ್ತಿ ಅಂತ ಪತ್ರಿಕೆಗಳು ಸಂಭ್ರಮಿಸಿದವು. ಸಂಭ್ರಮಿಸಬೇಕಾದದ್ದೇ. ಆದರೆ ಬಾಲಾ ಹುಟ್ಟಿದ್ದು 1990ರ ಫೆಬ್ರುವರಿ 2. ಸಹಿ ಹಾಕಿದ ದಿನ ಅವರಿಗೆ 30 ತುಂಬಲು ನಾಲ್ಕೇ ದಿನ ಬಾಕಿ ಇತ್ತು.

ಸ್ಟ್ರೈಕರ್‌ಗೆ, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಫಾರ್ವರ್ಡ್‌ಗೆ, ಇದು ಎಷ್ಟು ತಡ ಅಂತ ತಿಳಿಯಲು ಇನ್ನೊಂದು ತುದಿಯನ್ನೂ ನೋಡಬೇಕು. ಕೆನಡಾದ ಫಾರ್ವರ್ಡ್ ಒಲಿವಿಯಾ ಸ್ಮಿತ್ 2025ರ ಜುಲೈನಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್‌ನಿಂದ ಆರ್ಸೆನಲ್ ಕ್ಲಬ್‌ಗೆ ಹೋದಾಗ ಕೊಟ್ಟ ವರ್ಗಾವಣೆ ಮೊತ್ತ 10 ಲಕ್ಷ ಪೌಂಡ್. ಮಹಿಳಾ ಫುಟ್‌ಬಾಲ್‌ನಲ್ಲಿ ಆ ಮೊತ್ತ ಮುಟ್ಟಿದ್ದು ಅದೇ ಮೊದಲು. ಆಗ ಒಲಿವಿಯಾ ವಯಸ್ಸು 20. ಬಾಲಾ ತಮ್ಮ ಮೊದಲ ಕಾಂಟ್ರ್ಯಾಕ್ಟ್‌ಗೆ ಸಹಿ ಹಾಕುವ ವಯಸ್ಸಿಗೆ ಬರಲು ಒಲಿವಿಯಾಗೆ ಇನ್ನೂ ಒಂಬತ್ತು ವರ್ಷ ಬೇಕಿತ್ತು. ಆ ಒಂಬತ್ತು ವರ್ಷವೂ ಅವರು ಆಡುತ್ತಲೇ ಇರುತ್ತಾರೆ.

ನಮ್ಮಲ್ಲಿ ಮಹಿಳಾ ಫುಟ್‌ಬಾಲ್ ವಿಷಯ ಬಂದರೆ ಮಾತು ಎರಡೇ ಕಡೆ ಹೋಗುತ್ತದೆ. ಪ್ರತಿಭೆ ಇಲ್ಲ ಅನ್ನುವುದು ಒಂದು, ದುಡ್ಡಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಚಾಂಪಿಯನ್‌ಶಿಪ್‌ನಲ್ಲಿ ಭಾರತದ ಹೆಂಗಸರು ಎರಡನೇ ಸ್ಥಾನ ಪಡೆದಿದ್ದರು. 1983ರಲ್ಲಿ ಮತ್ತೆ ಎರಡನೇ ಸ್ಥಾನ. ದುಡ್ಡಿಲ್ಲ ಅನ್ನುವುದು ನಿಜ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಅನ್ನಿಸುವುದು ಪಂದ್ಯಗಳದ್ದು. ಒಬ್ಬ ಫಾರ್ವರ್ಡ್‌ಗೆ ವರ್ಷದಲ್ಲಿ ಎಷ್ಟು ದಿನ ನಿಜವಾದ ಆಟ ಸಿಗುತ್ತದೆ ಅನ್ನುವ ಲೆಕ್ಕ ಹಾಕಿದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

ಫಾರ್ವರ್ಡ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಸ್ಟ್ರೈಕರ್‌ಗೆ 90 ನಿಮಿಷದಲ್ಲಿ ಒಳ್ಳೆ ಅವಕಾಶ ಸಿಗುವುದು ಎರಡೋ ಮೂರೋ ಸಲ. ಡಿಫೆಂಡರ್ ತೂಕ ಯಾವ ಕಾಲಿನ ಮೇಲಿದೆ, ಗೋಲ್‌ಕೀಪರ್ ಒಂದು ಹೆಜ್ಜೆ ಮುಂದೆ ಬಂದಿದ್ದಾಳಾ, ಈಗಲೇ ಓಡಬೇಕಾ ಅಥವಾ ಅರ್ಧ ಸೆಕೆಂಡ್ ಕಾಯಬೇಕಾ? ಓಡುವುದು ಅರ್ಧ ಸೆಕೆಂಡ್ ಬೇಗ ಆದರೆ ಆಫ್‌ಸೈಡ್, ತಡ ಆದರೆ ಚೆಂಡು ಹೋಯಿತು. ಇದನ್ನು ಪ್ರಾಕ್ಟೀಸ್‌ನಲ್ಲಿ ಕೋನ್ ಇಟ್ಟು ಕಲಿಯಲು ಆಗುವುದಿಲ್ಲ. ಗಟ್ಟಿ ಡಿಫೆಂಡರ್‌ಗಳ ಎದುರು ಮತ್ತೆ ಮತ್ತೆ ಆಡಿ, ತಪ್ಪಿ, ಮುಂದಿನ ವಾರ ಸರಿ ಮಾಡಿಕೊಳ್ಳಬೇಕು. ಮುಂದಿನ ವಾರವೇ ಇಲ್ಲದಿದ್ದರೆ?

ಇನ್ನೂ ಒಂದು ಮಾತು. ಏಳು ಪಂದ್ಯಕ್ಕೆ 26 ಗೋಲು ಅನ್ನುವುದು ಬಾಲಾ ಎಷ್ಟು ದೊಡ್ಡ ಆಟಗಾರ್ತಿ ಅನ್ನುವುದನ್ನು ತೋರಿಸುತ್ತದೆ. ಜೊತೆಗೆ ಎದುರಾಳಿಗಳು ಎಷ್ಟು ಸಡಿಲ ಇದ್ದರು ಅನ್ನುವುದನ್ನೂ ತೋರಿಸುತ್ತದೆ. ಅಷ್ಟು ಸುಲಭಕ್ಕೆ ಗೋಲು ಸಿಗುವ ಕಡೆ ಒಬ್ಬ ಸ್ಟ್ರೈಕರ್‌ಗೆ ಹೊಸದಾಗಿ ಕಲಿಯಲು ಉಳಿಯುವುದು ಕಡಿಮೆ. ಆ ಅಂಕಿ ನೋಡಿದಾಗ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಗುತ್ತದೆ.

ಲೀಗ್ ಬೆಳೆದ ರೀತಿ ನೋಡಿ. ಇಂಡಿಯನ್ ವಿಮೆನ್ಸ್ ಲೀಗ್ ಶುರುವಾಗಿದ್ದು 2017ರಲ್ಲಿ. ಮೊದಲ ಕೆಲವು ವರ್ಷ ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆದು, ಎರಡು ಮೂರು ವಾರದಲ್ಲಿ ಕೊನೆಯ ಸುತ್ತು ಮುಗಿಸುತ್ತಿದ್ದರು. 2020ರಲ್ಲಿ ಆ ಸರದಿ ಬೆಂಗಳೂರಿಗೆ ಬಂತು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಜನವರಿ 24ರಿಂದ ಫೆಬ್ರುವರಿ 14ರವರೆಗೆ ಪಂದ್ಯಗಳು ನಡೆದವು. ಬಾಲಾ ರೇಂಜರ್ಸ್‌ಗೆ ಸಹಿ ಹಾಕಿದ್ದು ಇದೇ ದಿನಗಳಲ್ಲಿ. ಫೈನಲ್ ಅಂತೂ ಮರೆಯುವ ಹಾಗಿರಲಿಲ್ಲ. ಗೋಕುಲಂ ಕೇರಳ ಮೊದಲ ನಿಮಿಷದಲ್ಲೇ ಗೋಲು ಹೊಡೆದು, ಅರ್ಧ ಗಂಟೆಯೊಳಗೆ 2–0 ಮಾಡಿತು. ಮಣಿಪುರದ ಕ್ರಿಫ್ಸಾ ತಂಡ ಬಿಡದೆ ಎರಡೂ ಗೋಲು ತೀರಿಸಿತು. 87ನೇ ನಿಮಿಷದಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಗೆಲುವಿನ ಗೋಲು ಹೊಡೆದರು. 3–2. ಬೆಂಗಳೂರಿನವರಿಗೆ ಫುಟ್‌ಬಾಲ್ ಹೊಸದಲ್ಲ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಅಂಥ ಊರಿಗೆ ದೇಶದ ಅತ್ಯುತ್ತಮ ಆಟಗಾರ್ತಿಯರು ಬಂದರು, ಮೂರು ವಾರ ಆಡಿದರು, ಹೋದರು.

2023–24ರಲ್ಲಿ ಮೊದಲ ಬಾರಿಗೆ ತಂಡಗಳು ತಮ್ಮ ಊರಲ್ಲಿ ಒಂದು, ಎದುರಾಳಿಯ ಊರಲ್ಲಿ ಒಂದು ಅಂತ ಆಡುವ ಪದ್ಧತಿ ಬಂತು. ಏಳು ತಂಡ, ತಲಾ 12 ಪಂದ್ಯ. ಮುಂದಿನ ಸೀಸನ್‌ನಲ್ಲಿ ಎಂಟು ತಂಡ, 14 ಪಂದ್ಯ. ಇದು ದೊಡ್ಡ ಹೆಜ್ಜೆ, ಅದನ್ನು ಸಣ್ಣದು ಮಾಡಬಾರದು. ಆದರೂ ಇಂಗ್ಲೆಂಡಿನ ವಿಮೆನ್ಸ್ ಸೂಪರ್ ಲೀಗ್‌ನಲ್ಲಿ 12 ತಂಡಗಳಿದ್ದಾಗ ಲೀಗ್ ಒಂದರಲ್ಲೇ 22 ಪಂದ್ಯ ಇದ್ದವು. ಕಪ್ ಪಂದ್ಯ, ಯುರೋಪಿನ ಪಂದ್ಯ, ದೇಶದ ಪರ ಆಡುವ ಪಂದ್ಯ ಎಲ್ಲ ಸೇರಿಸಿದರೆ ದೊಡ್ಡ ಕ್ಲಬ್ಬಿನ ಫಾರ್ವರ್ಡ್ ಒಬ್ಬಳಿಗೆ ವರ್ಷಕ್ಕೆ 30 ದಾಟುತ್ತದೆ. ಅಮೆರಿಕದ ಲೀಗ್‌ನಲ್ಲಿ 2025ರಲ್ಲಿ ಒಂದೊಂದು ತಂಡವೂ ಆಡಿದ್ದು 26 ಪಂದ್ಯ.

ಪಂದ್ಯ ಕಡಿಮೆ ಇದ್ದಾಗ ಇನ್ನೊಂದು ಪೆಟ್ಟು ಬೀಳುತ್ತದೆ, ಅದೂ ನೇರವಾಗಿ ನಮ್ಮ ಸ್ಟ್ರೈಕರ್‌ಗಳ ಮೇಲೆ. ಹನ್ನೆರಡೋ ಹದಿನಾಲ್ಕೋ ಪಂದ್ಯದಲ್ಲಿ ಪ್ರಶಸ್ತಿ ತೀರ್ಮಾನ ಆಗಬೇಕಾದರೆ ಯಾವ ಕ್ಲಬ್ಬಿಗೂ ಎಳೆಯ ಹುಡುಗಿಯನ್ನು ಮುಂದೆ ನಿಲ್ಲಿಸಿ ಕಾಯುವ ವ್ಯವಧಾನ ಇರುವುದಿಲ್ಲ. ತಕ್ಷಣ ಗೋಲು ಬೇಕು. ಹೊರದೇಶದಿಂದ ಕರೆತರಲು ಅವಕಾಶ ಇರುವ ಕೆಲವೇ ಜಾಗಗಳಲ್ಲಿ ಒಂದನ್ನಾದರೂ ಸ್ಟ್ರೈಕರ್‌ಗೆ ಇಡುತ್ತಾರೆ. ಬಾಲಾ ಆ 26 ಗೋಲು ಹೊಡೆದ ನಂತರದ ಐದು ಸೀಸನ್ ತೆಗೆದುಕೊಳ್ಳಿ. ಐದರಲ್ಲೂ ಅತಿ ಹೆಚ್ಚು ಗೋಲು ಹೊಡೆದವರು ಹೊರಗಿನವರೇ. ನೇಪಾಳದ ಸಬಿತ್ರಾ, ಘಾನಾದ ಎಲ್ಶದ್ದೈ ಅಚೆಂಪಾಂಗ್, ಉಗಾಂಡಾದ ಫಾಜಿಲಾ ಇಕ್ವಾಪುಟ್. ಇವರು ಬಂದದ್ದು ಒಳ್ಳೆಯದೇ. ಇವರನ್ನು ತಡೆದು ನಿಲ್ಲಿಸಬೇಕಾದ ನಮ್ಮ ಡಿಫೆಂಡರ್‌ಗಳು ಇವರಿಂದ ಕಲಿಯುತ್ತಾರೆ. ಆದರೆ ಅದೇ ತಂಡದ ಭಾರತೀಯ ಫಾರ್ವರ್ಡ್ ವಿಂಗ್‌ಗೆ, ಅಂದರೆ ಮೈದಾನದ ಅಂಚಿಗೆ ಸರಿಯುತ್ತಾಳೆ, ಇಲ್ಲ ಬೆಂಚಿನಲ್ಲಿ ಕೂರುತ್ತಾಳೆ. 26 ಪಂದ್ಯದ ಲೀಗ್ ಇದ್ದರೆ ಇಬ್ಬರಿಗೂ ಜಾಗ ಇರುತ್ತದೆ.

ಇದರ ನಡುವೆಯೂ ಒಂದು ಪೀಳಿಗೆ ಮುಂದೆ ಹೋಗಿದೆ. ಮನೀಷಾ ಕಲ್ಯಾಣ್ ಪಂಜಾಬಿನ ಹೋಶಿಯಾರ್‌ಪುರದ ಕಡೆಯವರು. 2021ರ ನವೆಂಬರ್ 25ರಂದು ಬ್ರೆಜಿಲ್‌ನ ಮನೌಸ್‌ನಲ್ಲಿ ಭಾರತ–ಬ್ರೆಜಿಲ್ ಪಂದ್ಯ. ಬ್ರೆಜಿಲ್‌ನ ಹಿರಿಯ ಆಟಗಾರ್ತಿ ಫೊರ್ಮಿಗಾ ತಮ್ಮ ದೇಶದ ಪರ ಆಡಿದ ಕೊನೆಯ ಪಂದ್ಯ ಅದು. ಬ್ರೆಜಿಲ್ ಮೊದಲ ನಿಮಿಷದಲ್ಲೇ ಗೋಲು ಹೊಡೆಯಿತು. ಇನ್ನು ಮುಗಿಯಿತು ಅಂತ ನಾವೆಲ್ಲ ಅಂದುಕೊಳ್ಳುವಷ್ಟರಲ್ಲಿ, ಎಂಟನೇ ನಿಮಿಷದಲ್ಲಿ ಮನೀಷಾ ಸಮ ಮಾಡಿದರು. ಕೊನೆಗೆ 6–1ರಿಂದ ಸೋತೆವು, ನಿಜ. ಆದರೆ ಸ್ವಲ್ಪ ಹೊತ್ತು ಸ್ಕೋರ್‌ಬೋರ್ಡ್‌ನಲ್ಲಿ ಬ್ರೆಜಿಲ್ 1, ಭಾರತ 1 ಅಂತ ಇತ್ತು. ಮನೀಷಾಗೆ 20 ತುಂಬಲು ಆಗ ಎರಡು ದಿನ ಬಾಕಿ.

ಅವರ ದಾರಿ ಹೇಗೆ ತೆರೆಯಿತು ಅನ್ನುವುದೇ ಮುಖ್ಯ. ಅವರು ಆಡುತ್ತಿದ್ದ ಗೋಕುಲಂ ಕ್ಲಬ್ ಲೀಗ್ ಗೆದ್ದಿದ್ದರಿಂದ ಏಷ್ಯಾದ ಕ್ಲಬ್ ಟೂರ್ನಿಗೆ ಜೋರ್ಡಾನ್‌ಗೆ ಹೋಯಿತು. ಅಲ್ಲಿ ಮನೀಷಾ ಬೇರೆ ದೇಶಗಳ ಗಟ್ಟಿ ತಂಡಗಳ ಎದುರು ಆಡಿದರು. ಅದೇ ತಿಂಗಳು ಬ್ರೆಜಿಲ್. 2022ರ ಲೀಗ್‌ನಲ್ಲಿ ಪ್ರತಿ ತಂಡಕ್ಕೂ 11 ಪಂದ್ಯ ಇದ್ದವು, ಮನೀಷಾ 14 ಗೋಲು ಹೊಡೆದರು. ಆ ಬೇಸಿಗೆ ಕಳೆಯುವಷ್ಟರಲ್ಲಿ ಸೈಪ್ರಸ್‌ನ ಅಪೊಲೊನ್ ಕ್ಲಬ್ ಕರೆಯಿತು. ಆಗಸ್ಟ್‌ನಲ್ಲಿ ಯುರೋಪಿನ ಮಹಿಳಾ ಚಾಂಪಿಯನ್ಸ್ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯರಾದರು. ಅಲ್ಲಿಂದ ಗ್ರೀಸ್‌ನ ಪಾವೊಕ್, 2025ರಲ್ಲಿ ಪೆರುವಿನ ಅಲಿಯಾನ್ಸಾ ಲಿಮಾ. ಬಾಲಾ 29 ದಾಟಿದ ಮೇಲೆ ಹತ್ತಿದ ಮೆಟ್ಟಿಲನ್ನು ಮನೀಷಾ 20ಕ್ಕೇ ಹತ್ತಿದರು. ಒಂದು ಪಂದ್ಯ ಇನ್ನೊಂದು ಪಂದ್ಯಕ್ಕೆ ಕರೆದುಕೊಂಡು ಹೋಗಿದ್ದೇ ಇದಕ್ಕೆ ಕಾರಣ.

ಈ ಸರಪಳಿಯ ಒಂದು ಕೊಂಡಿ ಕಳಚಿದರೆ ಏನಾಗುತ್ತದೆ ಅನ್ನುವುದನ್ನೂ ಅದೇ ಆಗಸ್ಟ್‌ನಲ್ಲಿ ನೋಡಿದೆವು. ಗೋಕುಲಂ ಹುಡುಗಿಯರು ಮತ್ತೆ ಏಷ್ಯಾ ಟೂರ್ನಿ ಆಡಲು ಉಜ್ಬೇಕಿಸ್ತಾನಕ್ಕೆ ಹೋಗಿ ಇಳಿದಿದ್ದರು. ಆಗಲೇ ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ ಅನ್ನು ಅಮಾನತು ಮಾಡಿತು. ಆಡಳಿತದ ಜಗಳ ದೆಹಲಿಯಲ್ಲಿ. ಆಡದೆ ವಾಪಸ್ ಬಂದವರು ತಾಷ್ಕೆಂಟ್‌ನಲ್ಲಿ ಬೂಟು ಕಟ್ಟಿಕೊಂಡು ಕಾಯುತ್ತಿದ್ದವರು. ಅಮಾನತು ಹತ್ತು ಹನ್ನೊಂದು ದಿನಕ್ಕೆ ತೆರವಾಯಿತು. ಆ ಪಂದ್ಯಗಳು ಮಾತ್ರ ಮತ್ತೆ ಬರಲಿಲ್ಲ. ಆ ತಂಡದಲ್ಲಿ ಇನ್ನೊಬ್ಬ ಮನೀಷಾ ಇದ್ದಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ದುಡ್ಡಿನ ವಿಷಯ. ಇದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಚಿಕ್ಕದಾಗಿ ಹೇಳುತ್ತೇನೆ. ಲೀಗ್‌ನ ಪ್ರತಿ ಕ್ಲಬ್ಬೂ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಾಗದ ಕಾಂಟ್ರ್ಯಾಕ್ಟ್ ಕೊಡಬೇಕು ಅಂತ ಫೆಡರೇಷನ್ 2023ರಲ್ಲಿ ನಿಯಮ ತಂದಿತು. ತಿಂಗಳಿಗೆ ಸುಮಾರು 26,600. ಅದೇ ವರ್ಷ ಮಹಿಳಾ ಕ್ರಿಕೆಟ್ ಲೀಗ್‌ನ ಮೊದಲ ಹರಾಜಿನಲ್ಲಿ ನಮ್ಮ ಆರ್‌ಸಿಬಿ ಸ್ಮೃತಿ ಮಂಧಾನಾಗೆ ಕೊಟ್ಟಿದ್ದು 3.4 ಕೋಟಿ. ಕ್ರಿಕೆಟ್ ಮೇಲೆ ಹೊಟ್ಟೆಕಿಚ್ಚು ಪಡುವ ಮಾತಲ್ಲ ಇದು. ಅವರೂ ಬಹಳ ವರ್ಷ ಕಾದು ಪಡೆದದ್ದು. ಇನ್ನು ಜಗತ್ತಿನ ಮಹಿಳಾ ಫುಟ್‌ಬಾಲ್ ಎಲ್ಲ ಕಡೆ ಶ್ರೀಮಂತವಾಗಿದೆ ಅಂದುಕೊಳ್ಳುವುದೂ ತಪ್ಪು. ಫಿಫಾ ತನ್ನ ವರದಿಯಲ್ಲಿ ಲೆಕ್ಕ ಹಾಕಿದ ಸರಾಸರಿ ಸಂಬಳ ವರ್ಷಕ್ಕೆ 10,900 ಡಾಲರ್. ನಮ್ಮ ದುಡ್ಡಿನಲ್ಲಿ ಒಂಬತ್ತು ಲಕ್ಷದ ಆಸುಪಾಸು. 10 ಲಕ್ಷ ಪೌಂಡ್‌ನ ಸುದ್ದಿ ಓದುವಾಗ ಈ ಸರಾಸರಿಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು.

ಹಾಗಾದರೆ ನಮ್ಮ ಫಾರ್ವರ್ಡ್‌ಗಳ ಹೊಟ್ಟೆಪಾಡು ನಡೆದದ್ದು ಹೇಗೆ? ಸರ್ಕಾರಿ ನೌಕರಿಯಿಂದ. ಪೊಲೀಸ್, ರೈಲ್ವೆ, ಅರೆಸೇನಾ ಪಡೆಗಳ ಸ್ಪೋರ್ಟ್ಸ್ ಕೋಟಾ. ಬಾಲಾ ಮಣಿಪುರ ಪೊಲೀಸ್‌ನಲ್ಲಿದ್ದರು. ಆ ನೌಕರಿ ಇಲ್ಲದಿದ್ದರೆ ಅವರು 29ರವರೆಗೆ ಆಟದಲ್ಲಿ ಉಳಿಯುವುದೇ ಕಷ್ಟವಿತ್ತು ಅಂತ ನನಗೆ ಅನ್ನಿಸುತ್ತದೆ. ಮನೆಯವರಿಗೂ ಅದೇ ಧೈರ್ಯ: ಆಟ ನಿಂತರೂ ಸಂಬಳ ನಿಲ್ಲಲ್ಲ. ಹಾಗಾಗಿ ಕೋಟಾ ಬಗ್ಗೆ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ನೌಕರಿಯ ಕ್ಯಾಲೆಂಡರ್ ಬೇರೆ, ಕ್ಲಬ್ಬಿನ ಕ್ಯಾಲೆಂಡರ್ ಬೇರೆ. ಹೊರಗೆ ಆಡಲು ರಜೆ ಬೇಕು, ಎನ್‌ಒಸಿ ಬೇಕು. 22 ವರ್ಷದ ಹುಡುಗಿ ಒಂದು ವರ್ಷದ ಕ್ಲಬ್ ಕಾಂಟ್ರ್ಯಾಕ್ಟ್ ಮತ್ತು 60ರವರೆಗಿನ ನೌಕರಿ ನಡುವೆ ಯಾವುದನ್ನು ಆರಿಸಿಕೊಳ್ಳುತ್ತಾಳೆ? ನೌಕರಿಯನ್ನೇ. ನಾನಾದರೂ ಅದನ್ನೇ ಆರಿಸಿಕೊಳ್ಳು ಅಂತ ಹೇಳುತ್ತೇನೆ.

ಮೊಣಕಾಲಿನ ವಿಷಯಕ್ಕೆ ಬಂದರೆ ಈ ಲೆಕ್ಕ ಇನ್ನೂ ಕಠಿಣ. ಮೊಣಕಾಲಿನ ಒಳಗೆ ಎಸಿಎಲ್ ಅಂತ ಒಂದು ಗಟ್ಟಿ ನಾರು ಇದೆ. ಓಡುತ್ತಾ ಓಡುತ್ತಾ ಗಕ್ಕನೆ ನಿಂತು ದಿಕ್ಕು ಬದಲಿಸಿದಾಗ ಕಾಲನ್ನು ಹಿಡಿದು ನಿಲ್ಲಿಸುವುದು ಅದು. ಫಾರ್ವರ್ಡ್ ದಿನವಿಡೀ ಮಾಡುವ ಕೆಲಸವೇ ಅದು. ಈ ನಾರು ಹರಿಯುವ ಅಪಾಯ ಗಂಡಸರಿಗಿಂತ ಹೆಂಗಸರಿಗೆ ಹಲವು ಪಟ್ಟು ಜಾಸ್ತಿ. ಸೊಂಟದ ರಚನೆ, ಹಾರ್ಮೋನು, ಗಂಡಸರ ಕಾಲಿನ ಅಳತೆಗೆ ಮಾಡಿದ ಬೂಟು, ಸ್ನಾಯು ಗಟ್ಟಿ ಮಾಡುವ ತರಬೇತಿಯ ಕೊರತೆ, ಹೀಗೆ ಕಾರಣಗಳ ಬಗ್ಗೆ ಚರ್ಚೆ ನಡೆಯುತ್ತಲೇ ಇದೆ. ಹರಿದರೆ ಆಪರೇಷನ್. ಆಮೇಲೆ ಕಡಿಮೆ ಅಂದರೂ ಒಂಬತ್ತು ತಿಂಗಳು.

ಆಸ್ಟ್ರೇಲಿಯಾದ ಸ್ಟ್ರೈಕರ್ ಸ್ಯಾಮ್ ಕೆರ್‌ಗೆ 2024ರ ಜನವರಿಯಲ್ಲಿ ಹೀಗೇ ಆಯಿತು. ಅವರು ಮತ್ತೆ ಕಣಕ್ಕೆ ಇಳಿದದ್ದು 2025ರ ಸೆಪ್ಟೆಂಬರ್‌ನಲ್ಲಿ. ಈ 20 ತಿಂಗಳ ಮಧ್ಯೆ, ಅವರು ಇನ್ನೂ ನೆಟ್ಟಗೆ ಓಡಲಾಗದ ಹೊತ್ತಿನಲ್ಲೇ, ಚೆಲ್ಸಿ ಕ್ಲಬ್ ಅವರ ಕಾಂಟ್ರ್ಯಾಕ್ಟನ್ನು ಎರಡು ವರ್ಷ ಮುಂದಕ್ಕೆ ಹಾಕಿತು. ಬಾಲಾ ದೇವಿಗೂ ಮೊಣಕಾಲಿಗೆ ಇದೇ ಗಾಯ. ರೇಂಜರ್ಸ್ ಸೇರಿ ಆಡಲು ಶುರು ಮಾಡುವಷ್ಟರಲ್ಲಿ ಕೋವಿಡ್ ಬಂದು ಲೀಗ್ ನಿಂತಿತ್ತು. 2020ರ ಡಿಸೆಂಬರ್‌ನಲ್ಲಿ ಮದರ್‌ವೆಲ್ ಎದುರು ಬದಲಿ ಆಟಗಾರ್ತಿಯಾಗಿ ಬಂದು ಮೊದಲ ಗೋಲು ಹೊಡೆದಿದ್ದರು. ಇನ್ನೇನು ಕಾಲೂರಿದರು ಅನ್ನುವಾಗ ಗಾಯ. 2022ರ ಜನವರಿಯಲ್ಲಿ ಏಷ್ಯಾ ಕಪ್ ನಮ್ಮ ದೇಶದಲ್ಲೇ ನಡೆಯಿತು. ಬಾಲಾ ತಂಡದಲ್ಲಿ ಇರಲಿಲ್ಲ. ಆ ತಂಡಕ್ಕೂ ಆಡುವ ಭಾಗ್ಯ ಇರಲಿಲ್ಲ. ಒಂದು ಪಂದ್ಯ ಆದ ಮೇಲೆ ಕೋವಿಡ್‌ನಿಂದ ಟೂರ್ನಿಯನ್ನೇ ಬಿಡಬೇಕಾಯಿತು.

ಕಾಂಟ್ರ್ಯಾಕ್ಟ್ ಸೀಸನ್ನಿಗೆ ಮಾತ್ರ ಇದ್ದರೆ, ಗಾಯವಾದ ಹುಡುಗಿಯ ಫಿಸಿಯೋ ಖರ್ಚು ಆರನೇ ತಿಂಗಳಲ್ಲಿ ಯಾರು ಕೊಡುತ್ತಾರೆ? ಹೆರಿಗೆ ವಿಷಯವೂ ಹೀಗೇ. 2021ರಿಂದ ಫಿಫಾ ಕನಿಷ್ಠ 14 ವಾರ ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ನಿಯಮ ಮಾಡಿದೆ. ಒಳ್ಳೆಯ ನಿಯಮ. ಆದರೆ ಅದು ಅನ್ವಯ ಆಗಬೇಕಾದರೆ ಮೊದಲು ಕಾಂಟ್ರ್ಯಾಕ್ಟ್ ಅಂತ ಒಂದು ಇರಬೇಕು. ವರ್ಷಪೂರ್ತಿ ಲೀಗ್ ಇಲ್ಲದ ಕಡೆ ವರ್ಷಪೂರ್ತಿ ಕಾಂಟ್ರ್ಯಾಕ್ಟ್ ಎಲ್ಲಿಂದ ಬರಬೇಕು?

2025ರ ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ ಭಾರತ ಥಾಯ್ಲೆಂಡ್ ತಂಡವನ್ನು 2–1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್‌ಫೋರ್ ಅವರದು. ಆಗ ಥಾಯ್ಲೆಂಡ್ 46ನೇ ರ‍್ಯಾಂಕ್, ನಾವು 70. ಅರ್ಹತಾ ಸುತ್ತು ಆಡಿ ಗೆದ್ದು ಏಷ್ಯಾ ಕಪ್‌ಗೆ ಹೋದದ್ದು ಅದೇ ಮೊದಲು. ನಮ್ಮ ಗುಂಪಿನಲ್ಲಿ ಜಪಾನ್ ಇತ್ತು. ಅಂಥ ತಂಡಗಳ ಎದುರು ಗೋಲು ಬೇಕಾದರೆ ಅರ್ಧ ಸೆಕೆಂಡಿನ ಲೆಕ್ಕ ಗೊತ್ತಿರುವ ಫಾರ್ವರ್ಡ್ ಬೇಕು. ಒಬ್ಬ ಮನೀಷಾ ಪೆರುವಿನಿಂದ ಬಂದು ಸೇರಿಕೊಂಡರೆ ಸಾಲದು. ಅಂಥವರು ಐದಾರು ಜನ ಇಲ್ಲೇ ತಯಾರಾಗಬೇಕು.

ಅದಕ್ಕೆ ಮಾಡಬೇಕಾದ ಕೆಲಸ ದೊಡ್ಡ ರಹಸ್ಯವೇನಲ್ಲ. ಸೀಸನ್ ಏಳೆಂಟು ತಿಂಗಳಿಗೆ ಎಳೆಯಬೇಕು. ರಾಜ್ಯದ ಲೀಗ್‌ಗಳು ಅದಕ್ಕೆ ಹೊಂದಿಕೊಂಡು ನಡೆಯಬೇಕು, ಆಗ ಒಂದು ಮುಗಿದ ಮೇಲೆ ಇನ್ನೊಂದು ಸಿಗುತ್ತದೆ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2023ರಲ್ಲಿ ರಾಷ್ಟ್ರೀಯ ಲೀಗ್‌ನ ಫೈನಲ್‌ವರೆಗೆ ಹೋಗಿ ಗೋಕುಲಂ ಎದುರು 5–0ರಿಂದ ಸೋತಿತು. ದೊಡ್ಡ ಸೋಲೇ. ಆದರೆ ಕರ್ನಾಟಕದ ಒಂದು ಕ್ಲಬ್ ಅಲ್ಲಿವರೆಗೆ ಹೋಗಬಲ್ಲದು ಅನ್ನುವುದು ತಿಳಿಯಿತು. ಇಂಥ ಕ್ಲಬ್‌ಗಳ ಹುಡುಗಿಯರಿಗೆ ಊರಲ್ಲೇ ವಾರ ವಾರ ಪಂದ್ಯ ಸಿಗಬೇಕು. ಪೊಲೀಸ್, ರೈಲ್ವೆಯಂಥ ಇಲಾಖೆಗಳು ಆಟಗಾರ್ತಿಯರನ್ನು ಒಂದೆರಡು ಸೀಸನ್ ಪೂರ್ತಿ ಕ್ಲಬ್‌ಗೆ ಬಿಟ್ಟುಕೊಡುವ ಸ್ಪಷ್ಟ ನಿಯಮ ಬರಬೇಕು, ನೌಕರಿಗೆ ಧಕ್ಕೆ ಆಗದ ಹಾಗೆ. ಗಾಯವಾದರೆ ಪೂರ್ತಿ ಗುಣವಾಗುವವರೆಗೂ ವಿಮೆ ಇರಬೇಕು. ಇವೆಲ್ಲಕ್ಕೂ ದುಡ್ಡು ಬೇಕು, ಗೊತ್ತು. ಆದರೆ ಮೊದಲು ಪಂದ್ಯ ಬರಬೇಕು. ಮೂರು ವಾರದಲ್ಲಿ ಮುಗಿಯುವ ಲೀಗಿಗೆ ಪ್ರಾಯೋಜಕರು ಯಾಕೆ ಬರುತ್ತಾರೆ, ಜನ ಯಾರ ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ?

ಬಾಲಾ ಗಾಯದಿಂದ ಎದ್ದು ಬಂದರು. 2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನಲ್ಲಿ ಪಾಕಿಸ್ತಾನದ ಎದುರು ಗೋಲು ಹೊಡೆದರು. ದೇಶದ ಪರ ಅದು ಅವರ 50ನೇ ಗೋಲು. ಭಾರತದ ಯಾವ ಆಟಗಾರ್ತಿಯೂ ಅದುವರೆಗೆ ಅಲ್ಲಿಗೆ ಮುಟ್ಟಿರಲಿಲ್ಲ. ವಯಸ್ಸು 34.

ಆ ಭಾನುವಾರ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಆ ತಾಯಿಗೆ ಹೇಳಿದೆ. ಬಾಲಾ ಕಥೆ, ಮನೀಷಾ ಕಥೆ, 26,600 ರೂಪಾಯಿ, ಪೊಲೀಸ್ ನೌಕರಿ. ಎಲ್ಲವನ್ನೂ ತಲೆ ಆಡಿಸುತ್ತಾ ಕೇಳಿದರು. ದೊಡ್ಡ ಲೀಗ್‌ನಲ್ಲಿ ವರ್ಷಕ್ಕೆ 14 ಪಂದ್ಯ ಇರುತ್ತೆ ಅಂದಾಗ ಮಾತ್ರ ನನ್ನ ಕಡೆ ತಿರುಗಿದರು.

"ವರ್ಷಕ್ಕಾ?" ಅಂದರು. "ಇವ್ಳು ನಮ್ ರೋಡಲ್ಲಿ ಹುಡುಗರ ಜೊತೆ ಒಂದ್ ವಾರಕ್ಕೇ ಅಷ್ಟು ಆಡ್ತಾಳಲ್ಲ ಸರ್."